ಬಿರುಕಿನ ನೆಂಟರು

ಒಂದೇ ಬಂಡೆಯ ಮೇಲೆ ಕೂತ ಊರು ಅದು. ಅಗೆದರೆ ಮೊಳಕಾಲುದ್ದ ಮಣ್ಣು, ಆಮೇಲೆ ಬರೀ ಕಲ್ಲು. ಹೊಳೆ ಇರಲಿಲ್ಲ, ಕೆರೆ ಕಟ್ಟಿದರೆ ನಿಲ್ಲುತ್ತಿರಲಿಲ್ಲ. ಇದ್ದದ್ದು ಮನೆಗೊಂದು ಬಾವಿ. ಬಾವಿಗೊಂದು ಕೋಣೆ, ಕೋಣೆಗೊಂದು ಬಾಗಿಲು, ಬಾಗಿಲಿಗೊಂದು ಅಗುಳಿ. ಬೇರೆ ಊರಿನವರು ದೇವರನ್ನು ಒಳಗಿಟ್ಟು ಬಾವಿಯನ್ನು ಹೊರಗಿಡುತ್ತಾರೆ. ಇವರು ದೇವರನ್ನು ಜಗಲಿಗೆ ತಂದು ಬಾವಿಯನ್ನು ಒಳಗಿಟ್ಟಿದ್ದರು.

ಊರಿಗೆ ಕಟ್ಟಳೆಯೂ ಒಂದೇ. ಇನ್ನೊಬ್ಬರ ಬಾವಿಯ ಹಗ್ಗ ಎಷ್ಟುದ್ದ ಎಂದು ಯಾರೂ ಕೇಳಬಾರದು, ಯಾರೂ ಹೇಳಬಾರದು. ಇನ್ನೊಬ್ಬರ ಹಗ್ಗದ ಅಳತೆಯನ್ನು ಬಯಲು ಮಾಡಿದವನ ಹಗ್ಗ ಕತ್ತರಿಸಬೇಕು, ಅವನ ಬಾವಿ ಅವನಿಗೆ ತಪ್ಪಬೇಕು. ಆದರೆ ದೂರು ಕೊಡುವವನು ತನ್ನ ಹಗ್ಗವನ್ನು ಕೈಯಲ್ಲಿ ಹಿಡಿದು ಹತ್ತು ಜನರ ಮುಂದೆ ನಿಂತು "ಇದು ನನ್ನದು" ಅನ್ನಬೇಕು. ಹಾಗಾಗಿ ಯಾರ ನೆನಪಿನಲ್ಲೂ ದೂರು ಬಂದದ್ದಿಲ್ಲ.

ಬೆಳಿಗ್ಗೆ ಎದ್ದವರು ಎದುರಾದವರನ್ನು ಕೇಳುತ್ತಿದ್ದರು: "ನೀರು ಹೇಗಿದೆ?"

ಎದುರಾದವರು ಹೇಳುತ್ತಿದ್ದರು: "ಕೈಗೆಟುಕುತ್ತೆ."

ಕೇಳುವುದು ಮರ್ಯಾದೆ, ಹಾಗೆ ಹೇಳುವುದೂ ಮರ್ಯಾದೆ. ಹೆಣ್ಣು ಕೊಡುವವರು, ತರುವವರು ಆ ಮಾತಿನ ಮೇಲೆಯೇ ಕೊಟ್ಟು ತಂದು ಮಾಡುತ್ತಿದ್ದರು.

ಇಡೀ ಊರಿನಲ್ಲಿ ಎಲ್ಲರ ಅಳತೆ ಗೊತ್ತಿದ್ದವನು ಒಬ್ಬನೇ, ಹಗ್ಗದವನು. ಅವನಪ್ಪನೂ ಹಗ್ಗದವನು, ಅಜ್ಜನೂ ಹಗ್ಗದವನು. ಕತ್ತಾಳೆ ನಾರು ಹೊಸೆಯುವುದು, ಎರಡು ಕೈ ಚಾಚಿ ಮಾರು ಅಳೆಯುವುದು, ಬಾಯಿ ಮುಚ್ಚಿಕೊಂಡಿರುವುದು: ಮೂರು ಕಸಬೂ ಒಟ್ಟಿಗೆ ಬಂದಿದ್ದವು. ಗಿರಾಕಿ ಹಿತ್ತಲ ಬಾಗಿಲಿನಿಂದ ಬಂದು ಕೂರುತ್ತಿದ್ದ. ದನದ ಸಂತೆಯಲ್ಲಿ ದಲ್ಲಾಳಿಗಳು ಮಾಡುವಂತೆ ಹಗ್ಗದವನು ಹೆಗಲ ವಲ್ಲಿ ತೆಗೆದು ಇಬ್ಬರ ಕೈ ಮೇಲೂ ಹಾಸುತ್ತಿದ್ದ. ವಲ್ಲಿಯ ಕೆಳಗೆ ಗಿರಾಕಿ ಬೆರಳು ಒತ್ತುತ್ತಿದ್ದ, ಇಷ್ಟು ಮಾರು ಎಂದು. ಹಗ್ಗದವನು ತಲೆಯಾಡಿಸುತ್ತಿದ್ದ. ಹೊಸ ಹಗ್ಗ ಬಟ್ಟೆ ಸುತ್ತಿಕೊಂಡು ಮನೆ ಸೇರುತ್ತಿತ್ತು, ಹಳೆಯದು ಬಟ್ಟೆ ಸುತ್ತಿಕೊಂಡು ಹಗ್ಗದವನ ಕೋಣೆ ಸೇರುತ್ತಿತ್ತು.

ಗಿರಾಕಿಯ ಮುಖ ನೋಡುವವನು ಅರ್ಧ ವ್ಯಾಪಾರಿ, ಗಿರಾಕಿ ಹಿಂದಕ್ಕೆ ಕೊಟ್ಟ ಮಾಲು ನೋಡುವವನು ಪೂರ್ತಿ ವ್ಯಾಪಾರಿ. ಹಗ್ಗದವನು ಹಳೆಯ ಹಗ್ಗಗಳನ್ನು ಬಿಚ್ಚಿ ನೋಡುತ್ತಿದ್ದ. ನೀರು ಏರಿ ಇಳಿಯುವ ಕಡೆ ನಾರು ಕಪ್ಪಗೆ ಕೊಳೆತಿರುತ್ತಿತ್ತು. ಹತ್ತು ವರ್ಷದ ಹಿಂದೆ ಆ ಕಪ್ಪು ಹನ್ನೆರಡು ಮಾರಿಗೆ ಬರುತ್ತಿತ್ತು, ಈಗ ಮೂವತ್ತಕ್ಕೆ. ಆಸೆಗೆಂದು ನಲವತ್ತು ದಾಟಿ ಇಳಿಸಿದವರ ಹಗ್ಗದ ತುದಿಯಲ್ಲಿ ಕಪ್ಪೂ ಇಲ್ಲ, ತೇವವೂ ಇಲ್ಲ, ಬರೀ ಕಲ್ಲಿನ ಹಿಟ್ಟು. ಬಂಡೆಗೆ ಹೊಟ್ಟೆಯಿಲ್ಲ, ಬಿರುಕು ಮಾತ್ರ ಇದೆ ಎಂದು ಅವನು ಹಾಗೆ ತಿಳಿದುಕೊಂಡ. ಮೇಲೆ ಬಿರುಕು ಬೆರಳಗಲ, ಕೆಳಕ್ಕೆ ಹೋದಂತೆ ಕೂದಲೆಳೆ, ಇನ್ನೂ ಕೆಳಗೆ ಅದೂ ಇಲ್ಲ.

ಇನ್ನೊಂದನ್ನೂ ತಿಳಿದುಕೊಂಡ. ಪಡುವಣ ಕೊನೆಯಲ್ಲಿದ್ದ ಊರ ಯಜಮಾನನ ಮನೆಯವರು ಎರಡು ಮಾರು ಹೆಚ್ಚು ಒತ್ತಿಹೋದರೆ, ಎಂಟು ದಿನದೊಳಗೆ ಮೂಡಣ ಕೊನೆಯ ನೀಲಿಯವಳು ಬಂದು ಎರಡು ಮಾರು ಒತ್ತುತ್ತಿದ್ದಳು. ನೂಲಿಗೆ ನೀಲಿ ಬಣ್ಣ ಹಾಕುವವಳು ಅವಳು, ಮೊಳಕೈವರೆಗೂ ನೀಲಿ. ಯಜಮಾನನ ಗೋಡೆಗೆ ಗೋಡೆ ತಾಗಿದ್ದ ಮನೆಯವರು ಮಾತ್ರ ಎರಡು ವರ್ಷವಾದರೂ ಬರುತ್ತಿರಲಿಲ್ಲ. ಊರಿನ ನೆಂಟಸ್ತಿಕೆ ಬೇರೆ, ಬಂಡೆಯ ನೆಂಟಸ್ತಿಕೆ ಬೇರೆ. ಗೋಡೆ ಪಕ್ಕದವನು ಬಂಡೆಗೆ ಪರಕೀಯ, ಎಲ್ಲೋ ಮೂಲೆಯವಳು ಒಡಹುಟ್ಟಿದವಳು. ಯಾವ ಬಾವಿ ಯಾವ ಬಾವಿಯ ಪಾಲುದಾರ ಎಂದು ಅವನ ತೋಳಿಗೆ ಬಾಯಿಪಾಠವಾಗಿತ್ತು.

ಗೊತ್ತಿದ್ದೂ ಸುಮ್ಮನಿದ್ದ. ನೀರು ಇಳಿದಷ್ಟೂ ಹಗ್ಗ ಖರ್ಚಾಗುತ್ತಿತ್ತು. ಅವನ ಸ್ವಂತ ಬಾವಿಯಲ್ಲಿ ನೀರು ಆರು ಮಾರಿಗೇ ಸಿಗುತ್ತಿತ್ತು. "ಕೈಗೆಟುಕುತ್ತೆ" ಎಂದು ಹೆಚ್ಚುಕಡಿಮೆ ನಿಜ ಹೇಳುತ್ತಿದ್ದವನು ಊರಿಗೆ ಅವನೊಬ್ಬನೇ. ಅದಕ್ಕಾಗಿ ಅವನು ಹೆಮ್ಮೆಪಟ್ಟವನಲ್ಲ, ನಾಚಿಕೊಂಡವನೂ ಅಲ್ಲ.

ಹೀಗಿರುವಾಗ ಹೊರಗಿನಿಂದ ಒಬ್ಬ ಸಲಾಕೆಯವನು ಬಂದ. ಆಳುದ್ದದ ಮೂರರಷ್ಟು ಕಬ್ಬಿಣದ ಸಲಾಕೆ, ಅದನ್ನು ಹಗ್ಗಕ್ಕೆ ಕಟ್ಟಿ ಎತ್ತುವುದು, ಬಿಡುವುದು, ಎತ್ತುವುದು, ಬಿಡುವುದು. ಬಾವಿಯ ತಳದಲ್ಲಿ ತೂತು ಬೀಳುತ್ತಿತ್ತು. ಬಂಡೆಯ ಅಡಿಯಲ್ಲಿ ಕಡಲಿದೆ ಎಂದು ಅವನು ಯಜಮಾನನಿಗೆ ಹೇಳಿದ. ಯಜಮಾನ ಅವನನ್ನು ತನ್ನ ಬಾವಿಕೋಣೆಗೆ ಕರೆದುಕೊಂಡು ಅಗುಳಿ ಹಾಕಿದ.

ಮಾರನೆಯ ದಿನ ಹಗ್ಗದವನ ಹೆಂಡತಿ ಬರಿಗೊಡ ಹಿಡಿದು ಅಂಗಳಕ್ಕೆ ಬಂದಳು.

"ನಮ್ಮ ಬಾವೀಲಿ ಯಾರೋ ಕುಟ್ಟುತಾ ಇದಾರೆ."

"ಯಾರು ಕುಟ್ಟುತಾರೆ? ಒಳಗೆ ಯಾರಿದಾರೆ?"

"ಬಂದು ಕೇಳಿ. ನನಗೇನು ಕಿವಿ ಇಲ್ವಾ?"

ಅವನು ಹೋಗಿ ಬಾವಿಕಟ್ಟೆಗೆ ಬಗ್ಗಿದ. ಠಣ್. ನೀರಿನ ಮೇಲೆ ಒಂದು ಬಳೆ ಹುಟ್ಟಿ ಅಗಲವಾಗಿ ಅಂಚಿಗೆ ಹೋಯಿತು. ಠಣ್. ಇನ್ನೊಂದು ಬಳೆ. ಯಜಮಾನನ ಮನೆ ಊರಿನ ಆ ಕೊನೆ, ಅವನದು ಈ ಕೊನೆ. ಅಷ್ಟು ವರ್ಷ ಊರಿನ ನೆಂಟಸ್ತಿಕೆಯನ್ನೆಲ್ಲ ಎಣಿಸಿದವನು ತನ್ನ ಬಾವಿಯನ್ನು ಎಣಿಕೆಯಲ್ಲಿ ಸೇರಿಸಿರಲೇ ಇಲ್ಲ. ಎಂದೂ ಇಳಿಯದ ಬಾವಿಗೆ ಹಗ್ಗ ಕೊಂಡವರಿಲ್ಲ, ಹಗ್ಗ ಕೊಳ್ಳದ ಬಾವಿಯ ಲೆಕ್ಕ ಸಿಕ್ಕಿರಲಿಲ್ಲ.

ಐದನೆಯ ದಿನ ಆರು ಮಾರಿನ ಹಗ್ಗದಲ್ಲಿ ಕೊಡ ಮುಳುಗಲಿಲ್ಲ. ಅವನು ತಾನೇ ಗಿರಾಕಿಯಾಗಿ ತನಗೇ ಒಂದು ಮಾರು ಕೊಟ್ಟುಕೊಂಡ. ಆ ಬೆಳಿಗ್ಗೆ ಬೀದಿಯಲ್ಲಿ ಯಾರೋ "ನೀರು ಹೇಗಿದೆ?" ಅಂದರು. "ಕೈಗೆಟುಕುತ್ತೆ" ಅಂದ. ಸುಳ್ಳು ಎಷ್ಟು ನುಣ್ಣಗೆ ಬಂತು ಎಂದು ಅವನಿಗೇ ಸ್ವಲ್ಪ ಆಶ್ಚರ್ಯವಾಯಿತು.

ಅಂದೇ ಯಜಮಾನ ಹೇಳಿಕಳಿಸಿದ. ದೊಡ್ಡ ಮನುಷ್ಯ, ಹಿತ್ತಲ ಬಾಗಿಲಿಗೆ ಬರುವವನಲ್ಲ, ಹಗ್ಗದವನೇ ಹೋಗಬೇಕು. ವಲ್ಲಿ ಹಾಸಿದ್ದಾಯಿತು. ಯಜಮಾನ ಐದೂ ಬೆರಳು ಒತ್ತಿದ, ಮತ್ತೆ ಒತ್ತಿದ, ಮತ್ತೆ ಮತ್ತೆ ಒತ್ತಿದ. ಇಪ್ಪತ್ತು ಸಲ.

"ಯಜಮಾನರೇ, ಬೆರಳು ತಪ್ಪಿರಬೇಕು."

"ತಪ್ಪಿಲ್ಲ. ಕೆಳಗೆ ಕಡಲಿದೆ."

"ಕಡಲಾದರೆ ಉಪ್ಪಿರುತ್ತೆ. ಕುಡಿಯೋಕೆ ಆಗುತ್ತಾ ವಿಚಾರಿಸಿದ್ರಾ?"

"ತಮಾಷೆ ಬೇಡ."

"ಸಲಾಕೆಯವನು ಕಡಲು ನೋಡಿದಾನಾ?"

"ಇಲ್ಲ ಅಂತ ನೀನು ನೋಡಿದೀಯಾ?"

"ಹಗ್ಗದ ತುದಿ ನೋಡಿದೀನಿ, ಯಜಮಾನರೇ."

"ಯಾರ ಹಗ್ಗದ?"

ನಿಮ್ಮದೇ ಅನ್ನುವುದೂ ತಪ್ಪು, ಇನ್ನೊಬ್ಬರದು ಅನ್ನುವುದೂ ತಪ್ಪು. ಗೋಡೆಯ ಆಚೆ ಸಲಾಕೆ ಬಿತ್ತು. ಯಜಮಾನ ವಲ್ಲಿಯಿಂದ ಕೈ ಎಳೆದುಕೊಂಡ.

"ನೀನು ಹಗ್ಗ ಮಾರೋನು. ಬುದ್ಧಿ ಮಾರೋಕೆ ಬೇರೆಯವರಿದಾರೆ."

"ಅವರು ಅಂಗಡಿ ಬಾಗಿಲು ಹಾಕಿ ಬಹಳ ದಿನ ಆಯ್ತಲ್ಲ, ಯಜಮಾನರೇ" ಅಂದು ಹಗ್ಗದವನು ಎದ್ದ. ಅವನ ಕಸಬಿನಲ್ಲಿ ಅಷ್ಟು ದೊಡ್ಡ ಬೇಡಿಕೆ ಹಿಂದೆ ಬಂದಿರಲಿಲ್ಲ. ಮನೆಗೆ ಬಂದು ಇದ್ದಬದ್ದ ನಾರನ್ನೆಲ್ಲ ಅದಕ್ಕೇ ಎತ್ತಿಟ್ಟ.

ಹೆಂಡತಿ ಕೇಳಿದಳು: "ಮತ್ತೆ ನಮ್ಮ ನೀರು?"

"ಅದೇ ಯೋಚನೆ."

"ಊರಿಗೆಲ್ಲ ಆದದ್ದು ನಮಗೂ ಆಗುತ್ತೆ ಬಿಡಿ."

"ಊರಿಗೆಲ್ಲ ಆಗ್ತಿದೆ ಅನ್ನೋದು ಊರಿಗೆ ಗೊತ್ತಿಲ್ಲ ಕಣೇ. ಪ್ರತಿಯೊಬ್ಬನೂ ತನ್ನ ಮನೆಗೆ ಮಾತ್ರ ಶಾಪ ತಟ್ಟಿದೆ ಅಂದ್ಕೊಂಡಿದಾನೆ. ಪಕ್ಕದವನಿಗೆ ಗೊತ್ತಾಗೋದರೊಳಗೆ ಎಳೆದುಕೊಳ್ಳೋಣ ಅಂತ ಎಳೀತಾನೆ."

"ಹೇಳಿದರೆ ನಮ್ಮ ಹಗ್ಗ ಹೋಗುತ್ತೆ."

"ಹೇಳದಿದ್ದರೆ ನೀರು ಹೋಗುತ್ತೆ."

ಹಗ್ಗದವನು ಊರಿನ ಮೇಲೆ ಕನಿಕರಪಟ್ಟು ಏನನ್ನೂ ಮಾಡಲಿಲ್ಲ. ಹಾಗೆಂದು ಯಾರಾದರೂ ಹೇಳಿದರೆ ಅದು ಆಮೇಲೆ ಹುಟ್ಟಿದ ಕಥೆ. ಠಣ್ ಎನ್ನುವ ಸದ್ದು ಅವನ ಸ್ವಂತ ಬಾವಿಯಲ್ಲಿ ಕೇಳಿತು, ಆದ್ದರಿಂದ ಮಾಡಿದ. ಸಲಾಕೆ ಬಿರುಕಿನ ಬುಡ ಒಡೆದರೆ ಅವನ ಏಳು ಮಾರಿನ ನೀರು ಯಜಮಾನನ ನೂರು ಮಾರಿನ ತೂತಿಗೆ ಇಳಿದುಹೋಗುತ್ತದೆ. ಬಾಯಿ ಬಿಡಬಾರದು, ಬಿಡದೆಯೂ ಇರಬಾರದು. ಬಾಯಿ ಬಿಡದೆ ತೋರಿಸುವ ದಾರಿ ಯಾವುದು ಎಂದು ಅವನು ಹುಡುಕಿದ. ಎಣ್ಣೆ ದಿನ ಹತ್ತಿರ ಬಂದಿತ್ತು.

ವರ್ಷಕ್ಕೊಂದು ದಿನ ಊರಿನ ಹಗ್ಗಗಳೆಲ್ಲ ಹೊಂಗೆ ಎಣ್ಣೆ ಕುಡಿಯಲು ಹಗ್ಗದವನ ಮನೆಗೆ ಬರುತ್ತಿದ್ದವು. ಎಣ್ಣೆ ಕುಡಿಯದ ನಾರು ಆ ಕಲ್ಲುನೀರಿಗೆ ಬೇಗ ಕೊಳೆಯುತ್ತದೆ. ಹಿಂದಿನ ದಿನ ಜನ ಹಂಡೆ, ಕೊಡ ತುಂಬಿಟ್ಟುಕೊಂಡು, ಹಗ್ಗವನ್ನು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಬಂದು ಒಪ್ಪಿಸಿ, ಹಿಂದೆ ತಿರುಗಿ ನೋಡದೆ ಹೋಗುತ್ತಿದ್ದರು. ಆ ದಿನ ಊರಿನಲ್ಲಿ ಯಾರೂ ನೀರು ಸೇದುವುದಿಲ್ಲ. ಮಾರನೆಯ ಬೆಳಿಗ್ಗೆ ಬಟ್ಟೆ ಸುತ್ತಿಕೊಂಡೇ ಹಗ್ಗ ವಾಪಸ್ಸು.

ಈ ವರ್ಷವೂ ಬಂದವು, ಅರವತ್ತೆರಡು. ಸಲಾಕೆ ಎತ್ತುವ ಹಗ್ಗವೂ ಬಂತು. ಹಗ್ಗದವನು ಎಲ್ಲಕ್ಕೂ ಮನಸ್ಸಿಟ್ಟು ಎಣ್ಣೆ ಕುಡಿಸಿದ, ಅದರಲ್ಲಿ ಮೋಸ ಮಾಡಲಿಲ್ಲ. ಬೆಳಕು ಹರಿಯುತ್ತಲೇ ಬಟ್ಟೆಗಳನ್ನು ಬಿಚ್ಚಿ ರಾಶಿ ಹಾಕಿದ. ಹೊಸ್ತಿಲ ಮುಂದೆ ಬಂಡೆಯ ಮೇಲೆ ಸುಣ್ಣದ ಗೆರೆ ಎಳೆದ. ಆ ಗೆರೆಗೆ ಒಂದೊಂದೇ ಹಗ್ಗದ ತಲೆ ಸೇರಿಸಿ, ಬೀದಿಯುದ್ದಕ್ಕೂ, ಇಳಿಜಾರಿನ ಗುಂಟ, ಒಂದರ ಪಕ್ಕ ಒಂದು ಎಳೆದು ಮಲಗಿಸಿದ. ತನ್ನದನ್ನೂ ಮಲಗಿಸಿದ. ಬಿಸಿಲು ಬಿತ್ತು. ಎಣ್ಣೆ ಕುಡಿದ ಹಗ್ಗಗಳು ಬೀದಿ ತುಂಬ ಹೊಳೆದವು.

ಮೊದಲು ಬಂದವನು ಗಾಣಿಗ. ಸುಣ್ಣದ ಗೆರೆ ಕಂಡು ನಿಂತ.

"ಇದೇನಣ್ಣ, ಬೀದೀಲಿ?"

"ಈ ಸಲ ಎಣ್ಣೆ ಹಸಿ. ಒಣಗಬೇಕಲ್ಲ."

"ಯಾವುದು ಯಾರದು?"

"ಬಟ್ಟೆ ಬಿಚ್ಚಿದ ಮೇಲೆ ನನಗೆ ಎಲ್ಲಾ ಒಂದೇ. ನಾನು ಹೆಸರು ಹೇಳೋನಲ್ಲ. ಅವರವರದು ಅವರವರು ಎತ್ಕೊಂಡು ಹೋಗಲಿ."

ಗಾಣಿಗ ಹೋಗಲಿಲ್ಲ, ಎತ್ತಲೂ ಇಲ್ಲ. ಅವನ ಹಿಂದೆ ಜನ ಬಂದರು. ಬೀದಿಯ ಎರಡು ಬದಿಗೂ ಸಾಲಾಗಿ ನಿಂತರು. ಹಗ್ಗವನ್ನು ಯಾರೂ ದಾಟಲಿಲ್ಲ, ಮೇಕೆಗಳು ದಾಟಿದವು. ಪ್ರತಿಯೊಬ್ಬನೂ ಮೊದಲು ಕಳ್ಳಗಣ್ಣಿನಲ್ಲಿ ತನ್ನ ಹಗ್ಗ ಹುಡುಕಿದ; ಆಮೇಲೆ ತನ್ನದಕ್ಕಿಂತ ಚಿಕ್ಕವು ಎಷ್ಟಿವೆ ಎಂದು ಹುಡುಕಿದ. ಹೇಳಿಕೊಳ್ಳುವಷ್ಟು ಚಿಕ್ಕವು ಇರಲಿಲ್ಲ. ಇಪ್ಪತ್ತೆಂಟು, ಮೂವತ್ತು, ಮೂವತ್ತನಾಲ್ಕು ಮಾರು, ಅಳೆಯದೆಯೇ ಕಾಣುತ್ತಿತ್ತು. ಒಂದು ಮಾತ್ರ ಗೆರೆಯ ಹತ್ತಿರವೇ ಮುಗಿದಿತ್ತು.

"ಆ ಗಿಡ್ಡದು ಯಾರದು?"

"ನನ್ನದು" ಅಂದ ಹಗ್ಗದವನು. ತನ್ನದನ್ನು ತಾನು ಹೇಳಲು ಕಟ್ಟಳೆ ಅಡ್ಡ ಬರುತ್ತಿರಲಿಲ್ಲ. ಹೇಳಿದವರು ಇರಲಿಲ್ಲ, ಅಷ್ಟೆ.

ಅವನ ಎಣಿಕೆ ಇಷ್ಟು. ದೂರು ಕೊಡುವವನು ಹಗ್ಗ ಎತ್ತಿ ಹಿಡಿದು ನನ್ನದು ಅನ್ನಬೇಕು. ಅನ್ನುವ ಧೈರ್ಯ ಯಾರಿಗೂ ಇಲ್ಲ. ಹಗ್ಗವಿಲ್ಲದೆ ಸಲಾಕೆಯೂ ಏಳುವುದಿಲ್ಲ. ನೋಡಿದವರ ಕಣ್ಣು ನೋಡಿದ್ದನ್ನು ಮರೆಯುವುದಿಲ್ಲ. ಒಳ್ಳೆಯ ಎಣಿಕೆಯೇ. ಒಳ್ಳೆಯ ಎಣಿಕೆಗಳು ತಪ್ಪುವುದು ಗಿರಾಕಿಯ ಕಡೆಯಿಂದ.

ಆ ದಿನ ಯಾರೂ ಹಗ್ಗ ಎತ್ತಲಿಲ್ಲ. ಹೊಸ ಹಗ್ಗ ಕೇಳಿಕೊಂಡು ಹಿತ್ತಲಿಗೆ ಬಂದವರಿಗೆ ಹಗ್ಗದವನು ಬರಿ ಕೈ ತೋರಿಸಿದ: ನಾರೆಲ್ಲ ಯಜಮಾನರ ಕೆಲಸಕ್ಕೆ ಹೋಗಿದೆ. ಕೆಲವು ಮನೆಗಳಲ್ಲಿ ಸೀರೆಗೆ ಸೀರೆ ಗಂಟು ಹಾಕಿ ಬಾವಿಗೆ ಇಳಿಸಿದರು. ನೀರು ಸಿಗುವ ಮೊದಲೇ ಸೀರೆ ಮುಗಿದವು. ಹಂಡೆಗಳ ತಳ ಕಾಣಿಸಿತು. ಎರಡನೆಯ ದಿನ ಬೆಳಿಗ್ಗೆ ಬೀದಿಯಲ್ಲಿ ಯಾರೂ ಯಾರನ್ನೂ ನೀರು ಹೇಗಿದೆ ಎಂದು ಕೇಳಲಿಲ್ಲ.

ಮಧ್ಯಾಹ್ನಕ್ಕೆ ನೀಲಿಯವಳು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗಗಳ ಮೇಲೇ ಕಾಲಿಟ್ಟು ನಡೆದು, ನಡುವೆ ಇದ್ದ ಒಂದನ್ನು ಎತ್ತಿದಳು. ಅದರ ಮೇಲೆ ಎರಡೂ ಕೈಯ ನೀಲಿ ಗುರುತು ತುಂಬಿತ್ತು. ಯಾರದು ಎಂದು ಕೂಸಿಗೂ ಗೊತ್ತಿತ್ತು.

"ಇದು ನನ್ನದು" ಅಂದಳು. "ಮೂವತ್ತೊಂದು ಮಾರು. ನೋಡ್ಕೊಳ್ಳಿ ಎಲ್ಲರೂ, ಕಣ್ತುಂಬ. ತೊಟ್ಟೀಲಿ ನೂಲು ಕೊಳೀತಾ ಇದೆ. ಮಾನ ನಾಳೆ ನೋಡ್ಕೋತೀನಿ, ನೂಲು ಇವತ್ತೇ ತೊಳೀಬೇಕು."

ಇವಳೇ ಮೊದಲು ಬರುತ್ತಾಳೆ ಎಂದು ಹಗ್ಗದವನು ಎಣಿಸಿದ್ದ. ಅದಕ್ಕೇ ಅವಳದನ್ನು ನಡುವೆ ಮಲಗಿಸಿದ್ದ. ಆದರೆ ಅವಳು ಹಗ್ಗ ಸುತ್ತಿಕೊಂಡು ಮನೆಗೆ ಹೋಗಲಿಲ್ಲ. ಯಜಮಾನನ ಕಡೆ ತಿರುಗಿದಳು.

"ಯಜಮಾನರೇ, ಹಗ್ಗ ಹಿಡಿದು ಹೇಳಾಯ್ತು. ನನ್ನ ಅಳತೆ ಬೀದಿಗೆ ಹಾಕಿದೋನು ಇವನು. ಕಟ್ಟಳೆ ಪ್ರಕಾರ ಆಗಲಿ."

"ಏನಕ್ಕಾ, ನಾನು ಹೆಸರು ಹೇಳಲಿಲ್ಲವಲ್ಲ" ಅಂದ ಹಗ್ಗದವನು.

"ನನ್ನ ಕೈ ಬಣ್ಣ ಬೀದೀಲಿ ಮಲಗಿಸಿ ಹೆಸರು ಹೇಳಲಿಲ್ಲ ಅಂತೀಯಲ್ಲೋ. ನಮ್ಮ ಮಗಳ ಮಾತುಕತೆ ನಡೀತಿತ್ತು, ಗೊತ್ತಾ? ಇಷ್ಟು ವರ್ಷ ವಲ್ಲಿ ಹಾಸಿ ಬೆರಳು ಹಿಡಿದೆಯಲ್ಲ. ಹಿಡಿದಾಗ ಒಂದು ಮಾತು ಹೇಳಿದ್ದರೆ? ಆಗ ಹಗ್ಗ ಖರ್ಚಾಗ್ತಿತ್ತು. ಈಗ ನಿನ್ನ ಬಾವಿಗೆ ಬಂತು, ಬೀದಿಗೆ ತಂದೆ."

ಹಗ್ಗದವನು ತನ್ನ ಹಗ್ಗದ ತಲೆ ಎತ್ತಿ ಯಜಮಾನನ ಮುಂದಿಟ್ಟ. ಮಾಲು ಸರಿಯಿದ್ದಾಗ ಚೌಕಾಸಿ ಮಾಡಬಾರದು ಎಂದು ಅವನಿಗೆ ಗೊತ್ತಿತ್ತು.

ಯಜಮಾನ ಕುಡುಗೋಲು ತರಿಸಿದ. ಎಲ್ಲರ ಮುಂದೆ ಏಳು ಮಾರಿನ ಹಗ್ಗ ಏಳು ತುಂಡಾಯಿತು. ಬಾವಿ ಅವನಿಗೆ ತಪ್ಪಿತು. ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಜನ ಇನ್ನೇನು ಚದುರಬೇಕು, ಹಗ್ಗದವನು ಸುಣ್ಣದ ಗೆರೆಯ ಮೇಲೆ ಬಂದು ನಿಂತ.

"ಒಂದು ಮಾತು" ಅಂದ. "ಬಾಯಿ ಬಿಟ್ಟವನಿಗೆ ಏನು ದಂಡವೋ ಅದನ್ನು ನಾನು ಕಟ್ಟಿದೀನಿ. ಬೆಲೆ ಕೊಟ್ಟ ಮೇಲೆ ಮಾಲು ಅಂಗಡೀಲೇ ಬಿಟ್ಟು ಹೋಗೋಕಾಗುತ್ತಾ? ಈಗ ಬಾಯಿ ಬಿಡ್ತೀನಿ."

ಬಿಟ್ಟ. ಸಂಜೆಯವರೆಗೂ ಮಾತಾಡಿದ. ಯಾವ ಹಗ್ಗ ಯಾರದು, ಹತ್ತು ವರ್ಷದ ಹಿಂದೆ ಎಷ್ಟಿತ್ತು, ಯಾರು ಸೇದಿದರೆ ಯಾರ ಬಾವಿ ಇಳಿಯುತ್ತದೆ ಎಂದು ಹಗ್ಗ ಮುಟ್ಟಿ ಮುಟ್ಟಿ ಹೇಳುತ್ತಾ ಹೋದ. ಗಾಣಿಗನಿಗೂ ಕುಂಬಾರನಿಗೂ ಒಂದೇ ಬಿರುಕು; ಅವರಿಬ್ಬರೂ ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದರು. ಕೊನೆಗೆ ಎಲ್ಲಕ್ಕಿಂತ ಉದ್ದದ ಹಗ್ಗದ ಹತ್ತಿರ ಬಂದ. ನಲವತ್ತನಾಲ್ಕು ಮಾರು. ಅದರ ತುದಿಯನ್ನು ಎತ್ತಿ ಕೊಡವಿದ. ಎಣ್ಣೆ ಕುಡಿಸಿದ ಮೇಲೂ ನಾರಿನ ಸಂದಿನಿಂದ ಕಲ್ಲಿನ ಹಿಟ್ಟು ಉದುರಿತು.

"ಇದಕ್ಕಿಂತ ಕೆಳಗೆ ಹೋದವರು ಊರಲ್ಲಿ ಯಾರೂ ಇಲ್ಲ. ಇದಕ್ಕೆ ಸಿಕ್ಕಿದ್ದು ಇದು. ಕಡಲು ಇಷ್ಟು ಒಣಗಿರುತ್ತಾ, ಸಲಾಕೆಯವನೇ ಹೇಳಲಿ."

ಸಲಾಕೆಯವನು ಬಗ್ಗಿ ಆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದ. ಯಜಮಾನ ಆ ಹಗ್ಗವನ್ನು ಗುರುತೇ ಇಲ್ಲದವನಂತೆ ನೋಡುತ್ತಿದ್ದ. ಆಗ ಯಜಮಾನನ ಹೆಂಡತಿ, ಬೀದಿಗೆ ಬಂದು ನಿಂತು ಅಭ್ಯಾಸವಿಲ್ಲದವಳು, ಬಂದು ಹಗ್ಗದ ತಲೆಯನ್ನು ಕೈಗೆ ತೆಗೆದುಕೊಂಡಳು.

"ಇದು ನಮ್ಮದು" ಅಂದಳು. ಸಾಲಾಗಿ ಮಲಗಿದ್ದ ಉಳಿದ ಹಗ್ಗಗಳನ್ನು ಒಂದು ಸಲ ನೋಡಿದಳು. "ನಮ್ಮದೊಂದೇ ಅಂದ್ಕೊಂಡಿದ್ದೆ."

ಅವಳ ಹಿಂದೆ ಒಬ್ಬೊಬ್ಬರೇ ಬಂದು ತಮ್ಮತಮ್ಮದನ್ನು ಎತ್ತಿಕೊಂಡರು. ಬಟ್ಟೆ ಯಾರೂ ಕೇಳಲಿಲ್ಲ.

ಸಲಾಕೆಯವನನ್ನು ಓಡಿಸಲಿಲ್ಲ, ಅವನ ಸಲಾಕೆ ಬೇಕಾಗಿತ್ತು. ಅಗುಳಿ ತೆಗೆದ ಬಾವಿಕೋಣೆಗಳಲ್ಲಿ ಅವನು ಒಂದೊಂದೇ ಬಾವಿಗೆ ಇಳಿದು ಬಂಡೆಗೆ ಬಡಿದ. ಉಳಿದ ಮನೆಗಳಲ್ಲಿ ಹೆಂಗಸರು ಬಾವಿಕಟ್ಟೆಗೆ ಕಿವಿಯಿಟ್ಟು "ಇಲ್ಲಿ ಕೇಳಿಸ್ತು", "ಇಲ್ಲಿಲ್ಲ" ಎಂದು ಕೂಗಿದರು. ಹಗ್ಗದವನ ತೋಳು ಹೇಳಿದ್ದು ಬಹುಪಾಲು ಸರಿಯಿತ್ತು, ನಾಲ್ಕು ಕಡೆ ತಪ್ಪಿತ್ತು. ಊರು ಹದಿಮೂರು ಬಿರುಕಾಗಿ ವಿಂಗಡವಾಯಿತು. ಒಂದು ಬಿರುಕಿನ ಮನೆಗಳು ಒಂದೇ ದಿನ ಸೇದಬಾರದು, ಸರದಿ ಹಿಡಿಯಬೇಕು. ಮಳೆ ಬಿದ್ದಾಗ ಹರಿದುಹೋಗುವ ನೀರನ್ನು ಬಂಡೆಯ ಮೇಲಿನ ಬಿರುಕಿನ ಬಾಯಿಗೆ ತಿರುಗಿಸಬೇಕು. ಯಜಮಾನನ ಬಾವಿಯ ತೂತಿಗೆ ಜೇಡಿ ಜಡಿದು ಮುಚ್ಚಿದರು. ನೂರು ಮಾರಿನ ಹಗ್ಗದ ಬೇಡಿಕೆ ಬಿದ್ದುಹೋಯಿತು. ಜಗಳಗಳು ಕಡಿಮೆಯಾಗಲಿಲ್ಲ. ಮೊದಲು ಎದೆಯೊಳಗೆ ನಡೆಯುತ್ತಿದ್ದವು, ಈಗ ಬೀದಿಯಲ್ಲಿ ನಡೆದವು.

ನೀರು ಏರಿತೋ? ಹಗ್ಗದವನ ಬಾವಿ ಎಂಟು ಮಾರಿಗೆ ಇಳಿದು ಅಲ್ಲಿ ನಿಂತಿತು. ಯಜಮಾನನದು ಎರಡು ಮಾರು ಮೇಲೆ ಬಂತು ಅನ್ನುತ್ತಾರೆ. ಬಂಡೆಯ ವಿಷಯ, ಇನ್ನೊಂದು ಮಳೆ ಕಾಣದೆ ಯಾರೂ ಬರೆದುಕೊಡಲಾರರು.

ಹಗ್ಗ ಕತ್ತರಿಸಿದ ತೀರ್ಪನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅವನೂ ಕೇಳಲಿಲ್ಲ. ಅವನ ಬಾವಿ ಅದೇ ಬಿರುಕಿನ ಉಳಿದ ಏಳು ಮನೆಗಳ ಪಾಲಾಯಿತು. ಎಲ್ಲಕ್ಕಿಂತ ಮೇಲೆ ನೀರಿದ್ದ ಬಾವಿ. ಆ ಏಳು ಮನೆಯವರು ಕುಡಿಯುವ ನೀರಿಗೆ ಅಲ್ಲಿಗೇ ಬರತೊಡಗಿದರು. ಬೆಳಿಗ್ಗೆ ಎದ್ದರೆ ಅವನ ಬಾವಿಕೋಣೆಯಲ್ಲಿ ಬೇರೆಯವರ ಹಗ್ಗ, ಬೇರೆಯವರ ಕೈ. ಅವನು ತನ್ನ ಮನೆಯ ಕೊಡ ಹಿಡಿದು ತನ್ನದೇ ಬಾವಿಯ ಮುಂದೆ ಕಾಯಬೇಕು, ಸರದಿಯವರು ಸೇದಿ ಹಾಕಬೇಕು. ಹಾಕಿದಷ್ಟೇ ಅವನ ಪಾಲು. ಹಗ್ಗದ ವ್ಯಾಪಾರ ಕುಗ್ಗಿತ್ತು. ದನದ ಕಣ್ಣಿ, ತೊಟ್ಟಿಲ ಹಗ್ಗ ಹೊಸೆಯುತ್ತಿದ್ದ. ಹೆಂಡತಿ ಕೊಡ ಹಿಡಿಯಲು ಬರುತ್ತಿರಲಿಲ್ಲ. "ಸೋತವರು ನೀವು, ನೀವೇ ನಿಲ್ಲಿ" ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ನೀಲಿಯವಳ ಸರದಿ. ಅವಳು ತನ್ನ ಮೂರು ಕೊಡ ತುಂಬಿ, ನಾಲ್ಕನೆಯದಕ್ಕೆ ಸೇದಿ ಅವನ ಕಡೆ ತಿರುಗಿದಳು. ಅವನು ಕೊಡ ಮುಂದೆ ಹಿಡಿದ.

"ಇದು ನಮ್ಮ ಅಜ್ಜ ಕಡಿಸಿದ ಬಾವಿ" ಅಂದ, ಯಾರಿಗೆಂದಿಲ್ಲದೆ.

"ಬಾವಿ ನಿಮ್ಮಜ್ಜನದೇ ಇರಬಹುದು. ನೀರು ಯಾವತ್ತು ನಿಮ್ಮಜ್ಜನದಾಗಿತ್ತು?" ಅವಳು ಸುರಿಯತೊಡಗಿದಳು. ಕೊಡದ ಕಂಠದವರೆಗೆ ಬಂತು. ಅವಳು ನಿಲ್ಲಿಸಿ, ಒಂದು ಗಳಿಗೆ ನೋಡಿ, ಇನ್ನಷ್ಟು ಹಾಕಿದಳು. ತೂಕಕ್ಕೆ ಕೊಡ ಸ್ವಲ್ಪ ವಾಲಿತು.

"ನೆಟ್ಟಗೆ ಹಿಡಿಯೋ" ಅಂದಳು. "ಚೆಲ್ಲಿದರೆ ಏಳು ಮನೆಗೆ ಉತ್ತರ ಹೇಳಬೇಕು."

ಅವನು ನೆಟ್ಟಗೆ ಹಿಡಿದ.